ಪಿನ್ ಬೇರೆ, ವೋಲ್ಟೇಜ್ ಬೇರೆ: ಲ್ಯಾಪ್‌ಟಾಪ್ ಹಿಡಿದು ಫಾರಿನ್‌ಗೆ ಹೊರಟವರಿಗೆ

ಕೊಡಗಿನ ಗೋಣಿಕೊಪ್ಪದಲ್ಲಿ ನನ್ನದೊಂದು ಚಿಕ್ಕ ಎಲೆಕ್ಟ್ರಿಕಲ್ ಅಂಗಡಿ. ಮುಂದುಗಡೆ ಬಲ್ಬು, ಸ್ವಿಚ್ಚು, ವೈರು. ಹಿಂದುಗಡೆ ಒಂದು ಮೇಜು, ಅದರ ಮೇಲೆ ಸೋಲ್ಡರಿಂಗ್ ಐರನ್, ಮಲ್ಟಿಮೀಟರ್, ಬಿಚ್ಚಿಟ್ಟ ಲ್ಯಾಪ್‌ಟಾಪ್‌ಗಳು. ಮೇಜಿನ ಕೆಳಗೆ ಹಳೇ ಕಾಫಿ ಗೋಣಿಚೀಲ ಒಂದಿದೆ. ಅದರ ತುಂಬ ಸುಟ್ಟ ಚಾರ್ಜರ್‌ಗಳು, ಕರಗಿದ ಅಡಾಪ್ಟರ್‌ಗಳು. ನಾನು ನೋಡಿರುವುದು ಎರಡೇ ಹೊರದೇಶ. ಆದರೆ ಆ ಚೀಲದಲ್ಲಿ ದುಬೈ ಇದೆ, ಲಂಡನ್ ಇದೆ, ನ್ಯೂಜೆರ್ಸಿ ಇದೆ. ನಮ್ಮ ಕಡೆ ಮಕ್ಕಳು ಹೊರಗೆ ಇರುವ ಮನೆಗಳು ಜಾಸ್ತಿ. ಅವರು ರಜೆಗೆ ಬಂದಾಗ ಕೆಟ್ಟದ್ದೆಲ್ಲ ನನ್ನ ಮೇಜಿಗೆ ಬರುತ್ತದೆ.

ಆಗಸ್ಟ್ ಬಂತೆಂದರೆ ಓದಲು ಹೊರಟವರ ಸಾಲು. ಒಂದೇ ಮಾತು: "ಅಣ್ಣಾ, ಫಾರಿನ್ ಅಡಾಪ್ಟರ್ ಒಂದು ಕೊಡಿ."

"ಯಾವ ದೇಶಕ್ಕೆ?"

"ಯುರೋಪ್."

"ಯುರೋಪ್‌ನಲ್ಲಿ ಎಲ್ಲಿ?"

ಇಲ್ಲಿ ಅರ್ಧ ಜನ ಫೋನ್ ತೆಗೆದು ಅಮ್ಮನಿಗೋ ಏಜೆಂಟ್‌ಗೋ ಕರೆ ಮಾಡುತ್ತಾರೆ. ಊರಿನ ಹೆಸರು ಗೊತ್ತಿಲ್ಲದೆ ನಾನು ಏನು ಕೊಡಲಿ?

ತೊಂದರೆ ಶುರುವಾಗುವುದು ಅಡಾಪ್ಟರ್ ಎಂಬ ಪದದಿಂದಲೇ. ಲ್ಯಾಪ್‌ಟಾಪ್ ಜೊತೆ ಬರುವ ಕಪ್ಪು ಡಬ್ಬಿಗೂ ನಾವು ಅಡಾಪ್ಟರ್ ಅಂತೀವಿ. ಗೋಡೆಯ ತೂತಿಗೆ ಪಿನ್ ಹೊಂದಿಸುವ ಚಿಕ್ಕ ಪ್ಲಾಸ್ಟಿಕ್ ಉಂಡೆಗೂ ಅದೇ ಹೆಸರು. ವೋಲ್ಟೇಜ್ ಇಳಿಸುವ ಭಾರದ ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆಗೂ ಕೆಲವರು ಅದನ್ನೇ ಅನ್ನುತ್ತಾರೆ. ಮೂರೂ ಮಾಡುವ ಕೆಲಸ ಬೇರೆ ಬೇರೆ. ಹಾಗಾಗಿ ನಾನಿಲ್ಲಿ ಮೊದಲನೆಯದನ್ನು ಡಬ್ಬಿ ಅನ್ನುತ್ತೇನೆ, ಎರಡನೆಯದನ್ನು ಪಿನ್ ಅಡಾಪ್ಟರ್, ಮೂರನೆಯದನ್ನು ಟ್ರಾನ್ಸ್‌ಫಾರ್ಮರ್. ಲ್ಯಾಪ್‌ಟಾಪ್ ಒಯ್ಯುವವರಿಗೆ ಟ್ರಾನ್ಸ್‌ಫಾರ್ಮರ್ ಬೇಕಾಗುವುದೇ ಇಲ್ಲ ಅಂದರೂ ನಡೆಯುತ್ತದೆ. ಅದು ಹೇಗೆ ಗೊತ್ತಾಗುವುದು ಅಂದರೆ, ಡಬ್ಬಿಯನ್ನು ತಿರುಗಿಸಿ ಓದಬೇಕು.

ಅಕ್ಷರ ಇರುವೆಯಷ್ಟು ಚಿಕ್ಕದು. ನನಗಂತೂ ಕನ್ನಡಕ ಹಾಕಿದರೂ ಕಾಣುವುದಿಲ್ಲ. ಫೋನ್ ಕ್ಯಾಮೆರಾದಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ನೋಡಿ. ಇನ್‌ಪುಟ್ ಎಂದಿರುವ ಸಾಲಿನಲ್ಲಿ 100-240 ವೋಲ್ಟ್, 50/60 ಹರ್ಟ್ಸ್ ಎಂದಿದ್ದರೆ ಮುಗಿಯಿತು. ಜಗತ್ತಿನ ಯಾವ ಗೋಡೆಗೆ ಸಿಕ್ಕಿಸಿದರೂ ಆ ಡಬ್ಬಿ ನಡೆಯುತ್ತದೆ. ಕೆಳಗಿನ ಸಾಲು ಔಟ್‌ಪುಟ್. ಅಲ್ಲಿ 19.5 ವೋಲ್ಟ್, 3.34 ಆಂಪ್ ಅಂತ ಏನಾದರೂ ಇರುತ್ತದೆ. ಎರಡನ್ನೂ ಗುಣಿಸಿದರೆ 65 ವ್ಯಾಟ್. ಈ ಲೆಕ್ಕ ಮುಂದೆ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ಕೊಡಗಿನವರಿಗೆ ಈ 100-240 ಅನ್ನು ಬಿಡಿಸಿ ಹೇಳುವುದು ಸುಲಭ. ಕಕ್ಕಡದ, ಅಂದರೆ ಜುಲೈ-ಆಗಸ್ಟಿನ, ಮಳೆಯಲ್ಲಿ ಸಿಲ್ವರ್ ಓಕ್ ಕೊಂಬೆ ಲೈನ್ ಮೇಲೆ ಬಿದ್ದು, ಆಮೇಲೆ ಕರೆಂಟ್ ಬಂದರೂ ಬಲ್ಬು ಕೆಂಪಗೆ ಮಿಣುಕುತ್ತದೆ ಅಲ್ವಾ? ಅಂಥ ಒಂದು ಸಂಜೆ ನನ್ನ ಮೀಟರ್ 155 ವೋಲ್ಟ್ ತೋರಿಸಿತ್ತು. ಫ್ರಿಜ್ ಗುಂಯ್ ಅಂದು ನಿಂತಿತು. ಟ್ಯೂಬ್‌ಲೈಟ್ ಹತ್ತಲೇ ಇಲ್ಲ. ಮೇಜಿನ ಮೇಲಿದ್ದ ಲ್ಯಾಪ್‌ಟಾಪ್ ಮಾತ್ರ ಏನೂ ಆಗದ ಹಾಗೆ ಚಾರ್ಜ್ ಆಗುತ್ತಿತ್ತು. ಡಬ್ಬಿಯ ಔಟ್‌ಪುಟ್ ಅಳೆದೆ, 19.5. ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಡಬ್ಬಿಯ ಒಳಗೆ ಬಂದ ಎಸಿ ಕರೆಂಟನ್ನು ಮೊದಲು ಡಿಸಿ ಮಾಡುತ್ತಾರೆ. ಅದನ್ನು ಒಂದು ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸಿ ಪುಟ್ಟ ಟ್ರಾನ್ಸ್‌ಫಾರ್ಮರ್ ಮೂಲಕ ಇಳಿಸುತ್ತಾರೆ. ಹೊರಗೆ ಎಷ್ಟು ವೋಲ್ಟ್ ಹೋಗುತ್ತಿದೆ ಅಂತ ಅದೇ ನೋಡಿಕೊಂಡು ಸರಿ ಮಾಡಿಕೊಳ್ಳುತ್ತದೆ. ನಮ್ಮ ಮಳೆಗಾಲದ 155ಕ್ಕೆ ಅಂಜದ ಡಬ್ಬಿ ಅಮೆರಿಕದ 120ಕ್ಕೂ ಜಪಾನಿನ 100ಕ್ಕೂ ಅಂಜುವುದಿಲ್ಲ.

ಆದರೆ ಈ ಧೈರ್ಯವನ್ನು ಮನೆಯ ಎಲ್ಲ ಸಾಮಾನಿಗೂ ಹಚ್ಚಬೇಡಿ. ಬಿಸಿಯಾಗುವುದು ಮತ್ತು ತಿರುಗುವುದು, ಈ ಎರಡು ಜಾತಿಯನ್ನು ಮನೆಯಲ್ಲೇ ಬಿಟ್ಟು ಹೋಗಿ. ಕೆಟಲ್, ಇಸ್ತ್ರಿ ಪೆಟ್ಟಿಗೆ, ಕೂದಲು ನೇರ ಮಾಡುವ ಯಂತ್ರ, ಮಿಕ್ಸಿ. ನಮ್ಮ ಗಿರಾಕಿ ಅಕ್ಕ ಒಬ್ಬರು ಮಗಳ ಬಾಣಂತನಕ್ಕೆ ನ್ಯೂಜೆರ್ಸಿಗೆ ಹೋಗುವಾಗ 750 ವ್ಯಾಟ್ ಮಿಕ್ಸಿಯನ್ನು ಸೀರೆಯಲ್ಲಿ ಸುತ್ತಿ ಒಯ್ದರು. ಅಲ್ಲಿ 120 ವೋಲ್ಟ್. ಮಿಕ್ಸಿ ನರಳಿತು, ಕಾಯಿ ನುಣ್ಣಗಾಗಲಿಲ್ಲ. ಅಲ್ಲಿಗೆ ಬೇಕಾದರೆ 110 ವೋಲ್ಟ್ ಮಿಕ್ಸಿಯನ್ನೇ ಕೊಳ್ಳಬೇಕು. ಕೆಟಲ್‌ನದ್ದು ಇನ್ನೂ ಕಷ್ಟ. ವೋಲ್ಟೇಜ್ ಅರ್ಧಕ್ಕಿಳಿದರೆ ಶಾಖವೂ ಅರ್ಧ ಅಂದುಕೊಂಡರೆ ತಪ್ಪು, ಕಾಲು ಭಾಗಕ್ಕೆ ಇಳಿಯುತ್ತದೆ. ನೂಲುಪುಟ್ಟಿನ (ಅಕ್ಕಿ ಶ್ಯಾವಿಗೆಯ) ಒರಳು ಒಯ್ದವರಿಗೆ ಮಾತ್ರ ಯಾವ ದೇಶದಲ್ಲೂ ಚಿಂತೆ ಇಲ್ಲ, ಅದಕ್ಕೆ ಪ್ಲಗ್ಗೇ ಇಲ್ಲ.

ಅಲ್ಲಿಂದ ಇಲ್ಲಿಗೆ ತರುವಾಗ ಇನ್ನೂ ಜಾಸ್ತಿ ಹುಷಾರಾಗಿರಬೇಕು. ನನ್ನ ಅಕ್ಕನ ಮಗ ಅಮೆರಿಕದಿಂದ ಬಂದಾಗ ಆರು ಸಾಕೆಟ್ಟಿನ ಸ್ಪೈಕ್ ಗಾರ್ಡ್ ತಂದಿದ್ದ. "ಮಾವ, ಒಳ್ಳೇ ಕ್ವಾಲಿಟಿ" ಅಂದ. ಪಿನ್ ಅಡಾಪ್ಟರ್ ಹಾಕಿ ಅಂಗಡಿಯ ಗೋಡೆಗೆ ಸಿಕ್ಕಿಸಿದ. ನಾನು ಬೇಡ ಅನ್ನುವಷ್ಟರಲ್ಲಿ ಟಪ್ ಅಂತು, ನೀಲಿ ಹೊಗೆ, ಸುಟ್ಟ ವಾಸನೆ. ಸ್ಪೈಕ್ ಗಾರ್ಡ್ ಒಳಗೆ ಬಿಲ್ಲೆಯಂಥ ಒಂದು ಭಾಗ ಇರುತ್ತದೆ. ವೋಲ್ಟೇಜ್ ಮಿತಿ ಮೀರಿದರೆ ಹೊಡೆತವನ್ನು ಅದೇ ನುಂಗಿಕೊಳ್ಳಬೇಕು. 120 ವೋಲ್ಟಿಗೆಂದು ಮಾಡಿದ ಬಿಲ್ಲೆಗೆ ನಮ್ಮ 230 ಅಂದರೆ ಪ್ರತಿ ಕ್ಷಣವೂ ಸಿಡಿಲೇ. ಅದರಲ್ಲಿ ಲ್ಯಾಪ್‌ಟಾಪ್ ಡಬ್ಬಿ ಸಿಕ್ಕಿಸಿದ್ದರೆ ಡಬ್ಬಿಗೆ ಏನೂ ಆಗುತ್ತಿರಲಿಲ್ಲ. ಸತ್ತಿದ್ದು ಅದನ್ನು ಕಾಪಾಡಲು ಬಂದವನು.

ಇನ್ನು ಪಿನ್ನಿನ ವಿಷಯ. ನಾವು ಬಳಸುವ ಮೂರು ದುಂಡು ಪಿನ್ನಿನ ಪ್ಲಗ್ ಇಂಗ್ಲಿಷರದ್ದೇ. 1947ರಲ್ಲಿ ಅವರು ಚಪ್ಪಟೆ ಪಿನ್ನಿನ ಹೊಸ ಪ್ಲಗ್ಗಿನ ಸ್ಟ್ಯಾಂಡರ್ಡ್ ತಂದು ನಿಧಾನಕ್ಕೆ ಹಳೆಯದನ್ನು ಬಿಟ್ಟರು, ನಾವು ಉಳಿಸಿಕೊಂಡೆವು. ಹಾಗಾಗಿ ನಮ್ಮ ಪ್ಲಗ್ ನಮ್ಮ ಲಂಡನ್ ಮಕ್ಕಳ ಗೋಡೆಗೆ ಹೋಗುವುದಿಲ್ಲ. ತಮಾಷೆ ಅಂದರೆ ಅಡುಗೆಮನೆಯ ನಮ್ಮ ದೊಡ್ಡ 15 ಆಂಪ್ ಪ್ಲಗ್ ದಕ್ಷಿಣ ಆಫ್ರಿಕಾದಲ್ಲಿ ನೇರ ಹೋಗುತ್ತದೆ. ಅಲ್ಲಿಯದೂ ಹಳೇ ಕಾಲದ ಅದೇ ಪ್ಲಗ್.

ಇಂಗ್ಲೆಂಡ್, ಐರ್ಲೆಂಡ್, ದುಬೈ, ಕತಾರ್, ಸೌದಿ, ಸಿಂಗಾಪುರ, ಮಲೇಷ್ಯಾ, ಎಲ್ಲ ಕಡೆ ಇರುವುದು ಆ ಮೂರು ಚಪ್ಪಟೆ ಪಿನ್ನಿನದು. ಪ್ಲಗ್ ಪಟ್ಟಿಯಲ್ಲಿ ಇದಕ್ಕೆ ಜಿ ಟೈಪ್ ಅಂತ ಹೆಸರು. ನನ್ನ ಪ್ರಕಾರ ಇದರಷ್ಟು ಗಟ್ಟಿ ಪ್ಲಗ್ ಇನ್ನೊಂದಿಲ್ಲ. ಮೇಲಿನ ಅರ್ಥ್ ಪಿನ್ ಉಳಿದೆರಡಕ್ಕಿಂತ ಉದ್ದ. ಅದು ಮೊದಲು ಒಳಗೆ ಹೋಗಿ ಕೆಳಗಿನ ಎರಡು ತೂತುಗಳ ಮುಚ್ಚಳ ತೆರೆಯುತ್ತದೆ. ಇಲ್ಲೇ ನಮ್ಮವರ ಜಾಣತನ ಹೊರಗೆ ಬರುವುದು. ಪೆನ್ನಿನ ಹಿಂಭಾಗವನ್ನೋ ಬೀಗದ ಕೈಯನ್ನೋ ಮೇಲಿನ ತೂತಿಗೆ ತುರುಕಿ, ಮುಚ್ಚಳ ತೆರೆಸಿ, ಎರಡು ಪಿನ್ನಿನ ಚಾರ್ಜರ್ ನೂಕುವುದು. ಗಲ್ಫ್‌ನಿಂದ ಬಂದ ಹುಡುಗರು ಎಷ್ಟೋ ಜನ ನಗುತ್ತಾ ಇದನ್ನು ಹೇಳಿದ್ದಾರೆ. ಚೀಲದಲ್ಲಿರುವ ಕರಗಿದ ಪ್ಲಗ್‌ಗಳಲ್ಲಿ ಒಂದು ಅಂಥದ್ದೇ. ಪಿನ್ ತೆಳ್ಳಗೆ, ತೂತು ಅಗಲ. ಸಡಿಲವಾಗಿ ಕೂತು, ಒಳಗೊಳಗೇ ಕಿಡಿ ಹಾರಿ, ಪ್ಲಾಸ್ಟಿಕ್ ಬೆಂದಿದೆ. ಕಬ್ಬಿಣದ ಬೀಗದ ಕೈ ಹಾಕುವವರಿಗೆ ನಾನು ಬಯ್ದೇ ಕಳಿಸುವುದು. ಒಂದು ಜಿ ಟೈಪ್ ಪಿನ್ ಅಡಾಪ್ಟರಿಗೆ ಒಂದು ಊಟದ ದುಡ್ಡು ಸಾಕು. ಇನ್ನೊಂದು, ಇಂಗ್ಲೆಂಡಿನ ಹೋಟೆಲ್ ಬಾತ್‌ರೂಮಿನಲ್ಲಿ ಎರಡು ತೂತಿನ ಸಾಕೆಟ್ ಕಾಣುತ್ತದೆ. ಅದು ಶೇವರ್‌ಗೆ ಮಾತ್ರ. ಲ್ಯಾಪ್‌ಟಾಪ್ ತಗೊಂಡು ಅಲ್ಲಿಗೆ ಹೋಗಬೇಡಿ.

ಉಳಿದ ಯುರೋಪಿನ ಕಥೆ ಸ್ವಲ್ಪ ಉದ್ದ, ಯಾಕಂದರೆ ಅಲ್ಲಿ ನಾನೇ ಎಡವಿದ್ದೇನೆ. ಮಗಳು ಮಿಲಾನ್‌ನಲ್ಲಿ ಓದುತ್ತಿದ್ದಳು. ನೋಡಲು ಹೊರಟೆ. ಇಪ್ಪತ್ತು ವರ್ಷದಿಂದ ಇದೇ ಮಾರುವವನಲ್ವಾ, ಅಂಗಡಿಯಿಂದ ಒಂದು ಯುರೋಪ್ ಪಿನ್ ಅಡಾಪ್ಟರ್ ಎತ್ತಿ ಬ್ಯಾಗಿಗೆ ಹಾಕಿದೆ. ದುಂಡಗೆ, ದಪ್ಪಗೆ, ಅರ್ಥಿಂಗ್ ಇರುವ ಜರ್ಮನಿ ಮಾದರಿಯದು. ರಾತ್ರಿ ಅವಳ ಕೋಣೆ ಮುಟ್ಟಿ ಗೋಡೆ ನೋಡಿದರೆ, ಒಂದೇ ಸಾಲಿನಲ್ಲಿ ಮೂರು ಪುಟ್ಟ ತೂತು! ನನ್ನ ದಪ್ಪ ಪಿನ್ ಒಳಗೆ ಹೋಗುವ ಮಾತೇ ಇಲ್ಲ. "ಅಪ್ಪಾ, ನೀವು ಇದನ್ನೇ ಅಲ್ವಾ ಮಾರೋದು?" ಅಂದಳು. ಫೋನಿನ ಎರಡು ಪಿನ್ನಿನ ಚಾರ್ಜರ್ ಸಲೀಸಾಗಿ ಹೋಯಿತು. ಲ್ಯಾಪ್‌ಟಾಪ್ ರಾತ್ರಿಯಿಡೀ ಹಸಿದುಕೊಂಡೇ ಇತ್ತು. ಬೆಳಿಗ್ಗೆ ಬೀದಿಯ ತುದಿಯಲ್ಲಿ 'ಫೆರ್ರಾಮೆಂತಾ' ಅಂತ ಬೋರ್ಡ್ ಇದ್ದ ಹಾರ್ಡ್‌ವೇರ್ ಅಂಗಡಿಗೆ ಹೋದೆ. ಮೊಳೆ, ಪಿವಿಸಿ ಪೈಪು, ಎಣ್ಣೆ, ಎಲ್ಲದರದ್ದೂ ಸೇರಿ ನನ್ನ ಅಂಗಡಿಯದೇ ವಾಸನೆ. ಅವನಿಗೆ ನನ್ನ ಭಾಷೆ ಬಾರದು, ನನಗೆ ಅವನದು. ನನ್ನ ಅಡಾಪ್ಟರ್ ತೋರಿಸಿದೆ. ನಕ್ಕು, ಹಿಂದೆ ತಿರುಗಿ ನೋಡದೆಯೇ ಕೈ ಚಾಚಿ ಬಿಳಿ ಉಂಡೆ ಒಂದನ್ನು ತೆಗೆದುಕೊಟ್ಟ. ಯಾವುದು ಯಾವ ಡಬ್ಬದಲ್ಲಿದೆ ಅಂತ ಕೈಗೇ ಗೊತ್ತಿರುತ್ತದೆ, ನನಗೂ ಹಾಗೆಯೇ.

ಆವತ್ತಿನಿಂದ ಯುರೋಪಿಗೆ ಹೋಗುವವರಿಗೆ ಹೀಗೆ ಹೇಳುತ್ತೇನೆ. ಜರ್ಮನಿ, ನೆದರ್‌ಲ್ಯಾಂಡ್ಸ್, ಸ್ಪೇನ್ ಕಡೆ ಅರ್ಥಿಂಗ್ ಎರಡು ಬದಿಯ ಲೋಹದ ಪಟ್ಟಿಯಲ್ಲಿರುತ್ತದೆ. ಫ್ರಾನ್ಸ್, ಬೆಲ್ಜಿಯಂ, ಪೋಲೆಂಡ್ ಕಡೆ ಗೋಡೆಯಿಂದಲೇ ಒಂದು ಪಿನ್ ಹೊರಗೆ ಚಾಚಿರುತ್ತದೆ. ಈ ಎರಡಕ್ಕೂ ಹೊಂದುವ ದುಂಡು ಪ್ಲಗ್ ಒಂದೇ ಸಿಗುತ್ತದೆ. ಪಕ್ಕದಲ್ಲಿ ಪಟ್ಟಿ, ನಡುವೆ ತೂತು, ಎರಡೂ ಇದೆಯಾ ನೋಡಿ ಕೊಳ್ಳಿ. ಇಟಲಿ ಮತ್ತು ಸ್ವಿಟ್ಜರ್‌ಲ್ಯಾಂಡ್ ಪ್ಲಗ್‌ಗಳು ಅವರವರದೇ. ದುಂಡು ಪ್ಲಗ್ ಅಲ್ಲಿ ನಡೆಯುವ ಭರವಸೆ ಇಲ್ಲ. ಆದರೆ ಫೋನ್ ಚಾರ್ಜರಿನಂಥ ತೆಳು ಎರಡು ಪಿನ್ ಈ ಎಲ್ಲ ದೇಶಗಳಲ್ಲೂ ಹೋಗುತ್ತದೆ. ಇಂಗ್ಲೆಂಡ್, ಐರ್ಲೆಂಡ್, ಮಾಲ್ಟಾ, ಸೈಪ್ರಸ್ ಬಿಟ್ಟು. ಇನ್ನು ಜರ್ಮನಿ, ಫ್ರಾನ್ಸ್ ಕಡೆಯ ಸಾಕೆಟ್‌ಗಳು ಗುಂಡಿಯ ಹಾಗೆ ಒಳಕ್ಕೆ ಇಳಿದಿರುತ್ತವೆ. ನಮ್ಮಲ್ಲಿ ಸಿಗುವ ಚೌಕದ ದಪ್ಪ 'ಯೂನಿವರ್ಸಲ್' ಅಡಾಪ್ಟರ್ ಕೆಲವು ಸಲ ಆ ಗುಂಡಿಗೆ ಪೂರ್ತಿ ಇಳಿಯುವುದೇ ಇಲ್ಲ.

ಅಮೆರಿಕ, ಕೆನಡಾದಲ್ಲಿ ಎರಡು ಚಪ್ಪಟೆ ಪಟ್ಟಿ, ಕೆಳಗೆ ದುಂಡು ಅರ್ಥ್ ಪಿನ್. ಜಪಾನಿನಲ್ಲಿ ಪಟ್ಟಿ ಅದೇ, ಆದರೆ ಹೆಚ್ಚಿನ ಗೋಡೆಗಳಲ್ಲಿ ಮೂರನೇ ತೂತು ಇರುವುದಿಲ್ಲ. ಅಮೆರಿಕದ ಮೂರು ಪಿನ್ನಿನ ವೈರ್ ಹಿಡಿದು ಟೋಕಿಯೋಗೆ ಹೋದರೆ ಮೂರನೆಯ ಪಿನ್ ಗೋಡೆಗೆ ಡಿಕ್ಕಿ ಹೊಡೆಯುತ್ತದೆ, ಅಷ್ಟೇ. ಆ ದೇಶದ್ದು ಇನ್ನೊಂದು ವಿಚಿತ್ರ: ಟೋಕಿಯೋ ಕಡೆ 50 ಹರ್ಟ್ಸ್, ಒಸಾಕಾ ಕಡೆ 60. 1890ರ ದಶಕದಲ್ಲಿ ಒಂದು ಊರು ಜರ್ಮನಿಯಿಂದ ಜನರೇಟರ್ ತರಿಸಿತು, ಇನ್ನೊಂದು ಅಮೆರಿಕದಿಂದ. ಇವತ್ತಿಗೂ ಒಂದಾಗಿಲ್ಲ. ನಿಮ್ಮ ಡಬ್ಬಿಗೆ ಎರಡೂ ಸರಿ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗೆ ಓರೆ ಪಟ್ಟಿಯ ಪ್ಲಗ್. ಶ್ರೀಲಂಕಾದಲ್ಲಿ ನಮ್ಮದೂ ಇದೆ, ಚಪ್ಪಟೆ ಪಿನ್ನಿನದೂ ಇದೆ.

ಈಗ ನಾನು ಎಲ್ಲರಿಗೂ ಹೇಳುವ ಉಪಾಯ. ಇದರಿಂದ ನನ್ನ ವ್ಯಾಪಾರಕ್ಕೇ ಪೆಟ್ಟು, ಇರಲಿ. ಲ್ಯಾಪ್‌ಟಾಪಿಗೆ ಪಿನ್ ಅಡಾಪ್ಟರ್ ಕೊಳ್ಳಲೇಬೇಡಿ. ವೈರ್ ಬದಲಿಸಿ. ಗೋಡೆಯಿಂದ ಡಬ್ಬಿಗೆ ಬರುವ ವೈರ್ ಡಬ್ಬಿಯಿಂದ ಕಳಚಿಕೊಳ್ಳುತ್ತದೆ ಅಲ್ವಾ? ಡಬ್ಬಿಯ ಕಡೆ ಮೂರು ಎಲೆಯ ಹಾಗೆ ಕಾಣುವ ತುದಿ, ಅಂಗಡಿಯಲ್ಲಿ ಮಿಕ್ಕಿ ಮೌಸ್ ವೈರ್ ಅಂದರೆ ಗೊತ್ತಾಗುತ್ತದೆ. ಅದರ ಹೆಸರು ಸಿ5. ಕೆಲವು ಡಬ್ಬಿಗಳಲ್ಲಿ 8ರ ಆಕಾರದ್ದು, ಅದು ಸಿ7. ಆ ತುದಿ ಜಗತ್ತಿನಾದ್ಯಂತ ಒಂದೇ. ಗೋಡೆಯ ಕಡೆಯ ತುದಿ ಮಾತ್ರ ದೇಶಕ್ಕೆ ತಕ್ಕ ಹಾಗೆ. ಹೋದ ಊರಿನಲ್ಲಿ "ಸಿ5 ಲ್ಯಾಪ್‌ಟಾಪ್ ಕೇಬಲ್" ಅಂತ ಕೇಳಿ, ಇಲ್ಲಾ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಹುಡುಕಿ. ಎರಡು ವರ್ಷ ಓದಲು ಹೊರಟವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಮಧ್ಯೆ ಸಡಿಲ ಉಂಡೆ ಇಲ್ಲ, ಸಿ5 ಆದರೆ ಅರ್ಥಿಂಗ್ ನೇರ ಸಿಗುತ್ತದೆ, ಪ್ಲಗ್ ಗೋಡೆಗೆ ಗಟ್ಟಿಯಾಗಿ ಕೂರುತ್ತದೆ. ಇಂಗ್ಲೆಂಡಿನ ವೈರ್ ಆದರೆ ಪ್ಲಗ್ಗಿನ ಒಳಗೇ ಒಂದು ಫ್ಯೂಸ್ ಇರುತ್ತದೆ. ಲ್ಯಾಪ್‌ಟಾಪಿಗೆ 3 ಅಥವಾ 5 ಆಂಪ್‌ನದು ಸಾಕು. ಕೈಯಲ್ಲಿ ಹಿಡಿದಾಗ ಗರಿಯಷ್ಟು ಹಗುರ ಅನಿಸುವ ವೈರ್ ಬೇಡ, ಒಳಗೆ ತಾಮ್ರ ಇರುವುದಿಲ್ಲ. ಅಮೆರಿಕದ ವೈರ್ ಮೇಲೆ 125 ವೋಲ್ಟ್ ಅಂತ ಒತ್ತಿದ್ದರೆ ವಾಪಸ್ ಬರುವಾಗ ಅದನ್ನು ಅಲ್ಲೇ ಬಿಟ್ಟು ಬನ್ನಿ.

ಅರ್ಥಿಂಗ್ ಯಾಕೆ ಅಷ್ಟು ಹೇಳುತ್ತಿದ್ದೇನೆ ಅಂದರೆ, ಅದರ ಮೇಲೆ ಬರುವ ದೂರು ಒಂದೇ ರೀತಿಯದು. "ಅಂಕಲ್, ಅಲ್ಲಿಗೆ ಹೋದ ಮೇಲೆ ಲ್ಯಾಪ್‌ಟಾಪ್ ಮುಟ್ಟಿದರೆ ಜುಮ್ಮನ್ನುತ್ತೆ." ಲೋಹದ ಮೈಯ ಲ್ಯಾಪ್‌ಟಾಪ್, ಎರಡು ಪಿನ್ನಿನ ಅಡಾಪ್ಟರ್. ಡಬ್ಬಿಯ ಒಳಗಿನ ಕೆಪ್ಯಾಸಿಟರ್ ಮೂಲಕ ಒಂದು ಚೂರು ಕರೆಂಟ್ ಸೋರಿ ಮೈಗೆ ಬರುತ್ತದೆ. ಅರ್ಥ್ ಇದ್ದರೆ ಅದು ಸದ್ದಿಲ್ಲದೆ ನೆಲಕ್ಕೆ ಹೋಗುತ್ತದೆ. ಇಲ್ಲದಿದ್ದರೆ ನಿಮ್ಮ ಮಣಿಕಟ್ಟೇ ದಾರಿ. ಡಬ್ಬಿ ಸರಿ ಇದ್ದರೆ ಅಪಾಯ ಇಲ್ಲ, ಆದರೆ ಬೆರಳ ಹಿಂಭಾಗದಿಂದ ಸವರಿ ನೋಡಿ, ಮರಳು ಕಾಗದ ಸವರಿದ ಹಾಗೆ ಇರುತ್ತದೆ. ಯೂನಿವರ್ಸಲ್ ಅಡಾಪ್ಟರ್‌ಗಳಲ್ಲಿ ಹೆಚ್ಚಿನವಕ್ಕೆ ಅರ್ಥಿಂಗ್ ಇರುವುದಿಲ್ಲ. ಮೂರನೇ ತೂತು ಸುಮ್ನೆ ಪಿನ್ ಹೋಗಲಿ ಅಂತ ಇಟ್ಟಿರುತ್ತಾರೆ, ಒಳಗೆ ಯಾವುದಕ್ಕೂ ಜೋಡಿಸಿರುವುದಿಲ್ಲ. ನಾನು ಮೀಟರ್ ಇಟ್ಟು ತೋರಿಸಿದ ಮೇಲೇ ಜನ ನಂಬುವುದು.

ನಾಲ್ಕು ದಿನಕ್ಕೆ, ಮೂರು ದೇಶಕ್ಕೆ ಹೋಗುವವರಿಗೆ ವೈರ್ ಬದಲಿಸುವುದು ಹೊರೆ. ಅವರು ಯೂನಿವರ್ಸಲ್ ಒಯ್ಯಲಿ. ಮೇಲೆ ಎಷ್ಟು ಆಂಪ್ ಬರೆದಿದೆ ಅಂತ ನೋಡಲಿ. 65 ವ್ಯಾಟಿನ ಲ್ಯಾಪ್‌ಟಾಪ್ 230 ವೋಲ್ಟಿನಲ್ಲಿ ಒಂದು ಆಂಪ್ ಕೂಡ ಎಳೆಯುವುದಿಲ್ಲ, 6 ಆಂಪಿನದು ಧಾರಾಳ. ಅದರಲ್ಲೇ ಹೋಟೆಲಿನವರ ಕೆಟಲ್ ಹಾಕಬೇಡಿ. ಗಂಡ ಹೆಂಡತಿ ಮಕ್ಕಳು ಎಲ್ಲ ಹೊರಟಿದ್ದರೆ ಒಂದು ಚಿಕ್ಕ ಎಕ್ಸ್‌ಟೆನ್ಷನ್ ಬೋರ್ಡ್ ಮತ್ತು ಒಂದೇ ಒಂದು ಒಳ್ಳೆಯ ಪಿನ್ ಅಡಾಪ್ಟರ್ ಸಾಕು. ಬೋರ್ಡಿಗೆ ನಮ್ಮ ಪ್ಲಗ್‌ಗಳೇ ಹೋಗುತ್ತವೆ. ಅಮೆರಿಕದ ಸಾಕೆಟ್‌ಗಳು ಹಳತಾದರೆ ಸಡಿಲ. ಭಾರದ ಡಬ್ಬಿ ನೇತುಹಾಕಿದರೆ ಮೆಲ್ಲಗೆ ಜಾರಿ ಬೀಳುತ್ತದೆ, ಬೆಳಿಗ್ಗೆ ಎದ್ದು ನೋಡಿದರೆ ಚಾರ್ಜ್ ಆಗಿರುವುದಿಲ್ಲ. ಅಲ್ಲೂ ಬೋರ್ಡ್ ನೆಲದ ಮೇಲಿದ್ದರೆ ಈ ಕಾಟ ತಪ್ಪುತ್ತದೆ.

ಚಾರ್ಜ್ ಆಗದಿರುವುದಕ್ಕೆ ಇನ್ನೊಂದು ಕಾರಣ ಹೋಟೆಲ್ ಕೀ ಕಾರ್ಡ್. ಬಾಗಿಲ ಬಳಿ ಸಿಕ್ಕಿಸಿದ ಕಾರ್ಡ್ ತೆಗೆದರೆ ಕೋಣೆಯ ಕರೆಂಟ್ ಹೋಗುತ್ತದೆ. ಲ್ಯಾಪ್‌ಟಾಪ್ ಸಿಕ್ಕಿಸಿ ಊರು ಸುತ್ತಲು ಹೋಗಿ ಬಂದರೆ ಅದು ಇದ್ದಲ್ಲೇ ಇರುತ್ತದೆ. ಫ್ರಿಜ್ಜಿನ ಪಕ್ಕದ ಸಾಕೆಟ್ ಹೆಚ್ಚಾಗಿ ಆರುವುದಿಲ್ಲ, ಅದನ್ನು ಹುಡುಕಿ.

ಹೊಸ ಲ್ಯಾಪ್‌ಟಾಪ್ ಯುಎಸ್‌ಬಿ ಸಿ ಚಾರ್ಜಿನದಾದರೆ ನೀವು ಪುಣ್ಯವಂತರು. 65 ವ್ಯಾಟಿನ ಒಂದು ಚಿಕ್ಕ ಚಾರ್ಜರ್ ಲ್ಯಾಪ್‌ಟಾಪಿಗೂ ಫೋನಿಗೂ ಆಗುತ್ತದೆ. ಯುರೋಪಿಯನ್ ಯೂನಿಯನ್ ದೇಶಗಳಲ್ಲಿ 2024ರ ಡಿಸೆಂಬರ್ 28ರಿಂದ ಹೊಸ ಫೋನ್‌ಗಳಿಗೆ, 2026ರ ಏಪ್ರಿಲ್ 28ರಿಂದ ಹೊಸ ಲ್ಯಾಪ್‌ಟಾಪ್‌ಗಳಿಗೂ ಇದೇ ತೂತು ಇರಬೇಕೆಂದು ನಿಯಮ. ಹಾಗಾಗಿ ಅಲ್ಲಿ ಚಾರ್ಜರ್ ಮರೆತರೂ ಗೆಳೆಯರದ್ದು ನಡೆಯುತ್ತದೆ. ಕೇಬಲ್ ಮಾತ್ರ ನೋಡಿ ತಗೊಳ್ಳಿ. ಫೋನಿನ ಜೊತೆ ಬಂದ ಸಾದಾ ಕೇಬಲ್ 60 ವ್ಯಾಟ್ ದಾಟುವುದಿಲ್ಲ. 100 ವ್ಯಾಟ್ ಅಂತ ಬರೆದದ್ದು ಬೇಕು.

ಕೊನೆಗೆ ಪ್ರಯಾಣ. ನಮ್ಮ ಜಿಲ್ಲೆಗೆ ರೈಲೂ ಇಲ್ಲ, ವಿಮಾನವೂ ಇಲ್ಲ. ವಿರಾಜಪೇಟೆಯಿಂದ ಮಾಕುಟ್ಟ ಘಾಟ್ ಇಳಿದು ಕಣ್ಣೂರಿಗೆ, ಇಲ್ಲಾ ಮಂಗಳೂರಿಗೆ, ಇಲ್ಲಾ ಬಸ್ಸಿನಲ್ಲಿ ರಾತ್ರಿಯೆಲ್ಲ ಕೂತು ಬೆಂಗಳೂರಿಗೆ. ಹೊರಡುವ ಹಿಂದಿನ ರಾತ್ರಿ ಮನೆಯಲ್ಲಿ ಕರೆಂಟ್ ಇರುತ್ತದೆ ಅಂತ ನಂಬಿ ಕೂರಬೇಡಿ, ಅದರಲ್ಲೂ ಜುಲೈಯಲ್ಲಿ. ಮಧ್ಯಾಹ್ನವೇ ಚಾರ್ಜ್ ಮಾಡಿಡಿ. ಡಬ್ಬಿ, ವೈರ್, ಅಡಾಪ್ಟರ್ ಎಲ್ಲ ಕೈಚೀಲದಲ್ಲಿರಲಿ. ಪವರ್ ಬ್ಯಾಂಕನ್ನು ಚೆಕ್-ಇನ್ ಲಗೇಜಿಗೆ ಹಾಕಲೇಬಾರದು, ತೆಗೆಸುತ್ತಾರೆ. 100 ವ್ಯಾಟ್-ಅವರ್ ಒಳಗಿನದು ಸಾಮಾನ್ಯವಾಗಿ ಕೇಳದೆ ಬಿಡುತ್ತಾರೆ, 100ರಿಂದ 160ರವರೆಗೆ ಏರ್‌ಲೈನ್ ಒಪ್ಪಿಗೆ ಬೇಕು. ಲೆಕ್ಕ ಹೀಗೆ: 20,000 ಎಂಎಎಚ್ ಅಂತ ಬರೆದಿದ್ದರೆ 3.7ರಿಂದ ಗುಣಿಸಿ 1000ದಿಂದ ಭಾಗಿಸಿ, 74. ಎಮಿರೇಟ್ಸ್ ವಿಮಾನದಲ್ಲಿ 2025ರ ಅಕ್ಟೋಬರ್ 1ರಿಂದ ಒಬ್ಬರಿಗೆ ಒಂದೇ ಪವರ್ ಬ್ಯಾಂಕ್, ಅದನ್ನೂ ಒಳಗೆ ಬಳಸುವ ಹಾಗಿಲ್ಲ. ಬೇರೆಯವರೂ ಬಿಗಿ ಮಾಡುತ್ತಿದ್ದಾರೆ, ಟಿಕೆಟ್ ತೆಗೆದ ಮೇಲೆ ಅವರ ನಿಯಮ ಒಂದು ಸಲ ಓದಿ.

ನನ್ನ ಅಂಗಡಿಯಿಂದ ಹೋಗುವ ಪ್ರತಿ ಡಬ್ಬಿಗೂ ನಾನು ಒಂದು ಕೆಲಸ ಮಾಡಿ ಕಳಿಸುತ್ತೇನೆ. ವೈಟ್‌ನರ್‌ನಲ್ಲಿ ಅವರ ಹೆಸರು, ಕನ್ನಡದಲ್ಲಿ, ದಪ್ಪಗೆ. ಹಾಸ್ಟೆಲಿನ ಓದುವ ಕೋಣೆಯಲ್ಲಿ ಹತ್ತು ಕಪ್ಪು ಡಬ್ಬಿ ಒಂದೇ ಬೋರ್ಡಿನಲ್ಲಿ ಮಲಗಿರುತ್ತವೆ, ಎಲ್ಲ ಒಂದೇ ಥರ. ಕಳೆದ ಸಲ ಡಬ್ಲಿನ್‌ಗೆ ಹೋದ ಹುಡುಗಿ ಫೋಟೊ ಕಳಿಸಿದ್ದಳು. ಅವಳ ರೂಮ್‌ಮೇಟ್ ತನ್ನ ಡಬ್ಬಿಯ ಮೇಲೂ ಕನ್ನಡದಲ್ಲೇ ಹೆಸರು ಬರೆಸಿಕೊಂಡಿದ್ದಾಳಂತೆ. ಒತ್ತು ತಪ್ಪಾಗಿದೆ, ಆದರೂ ಓದಬಹುದು.